ದತ್ತು ಮಕ್ಕಳ ಜೊತೆ ಕೊರಿಯಾಕ್ಕೆ: ಹೊರಡುವ ಮೊದಲು ಮುಗಿಸಬೇಕಾದ ಕೆಲಸ, ಅಲ್ಲಿ ತಪ್ಪಿಸಬೇಕಾದ ಖರ್ಚು

ದಕ್ಷಿಣ ಕೊರಿಯಾದಿಂದ ದತ್ತು ಪಡೆದ ಮಕ್ಕಳಿಗೆ ಅವರ ಹುಟ್ಟೂರು ತೋರಿಸಲು ಹೊರಟವರಲ್ಲಿ, ದತ್ತು ಫೈಲಿನಲ್ಲಿರುವ ವಿಳಾಸವನ್ನು ಟ್ಯಾಕ್ಸಿಯವನಿಗೆ ತೋರಿಸಿದರೆ ಸಾಕು, ಮಗು ಹುಟ್ಟಿದ ಓಣಿಗೇ ಕರೆದುಕೊಂಡು ಹೋಗುತ್ತಾನೆ ಎಂದುಕೊಂಡು ವಿಮಾನ ಹತ್ತುವವರೇ ಹೆಚ್ಚು. ಹಾಗೆ ಹೋದರೆ ಒಂದು ಇಡೀ ದಿನ ಬೀದಿಯಲ್ಲೇ ಕಳೆದುಹೋಗುತ್ತದೆ. ಕೊರಿಯಾದಲ್ಲಿ 2014ರಿಂದ ರಸ್ತೆಯ ಹೆಸರಿನ ಮೇಲೆ ವಿಳಾಸ ಬರೆಯುವ ಪದ್ಧತಿ ಪೂರ್ತಿಯಾಗಿ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಫೈಲುಗಳಲ್ಲಿ ಇರುವುದು ಬಡಾವಣೆಯ ಹೆಸರು ಮತ್ತು ನಿವೇಶನದ ಸಂಖ್ಯೆ. ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ ಕಡೆ ಹತ್ತಾರು ನಿವೇಶನಗಳು ಒಂದಾಗಿ, ಆ ಸಂಖ್ಯೆಯೇ ಅಳಿಸಿಹೋಗಿರುತ್ತದೆ. ಊರುಗಳ ಹೆಸರೂ ಬದಲಾಗಿವೆ. ಮಾಸಾನ್, ಜಿನ್ಹೇ ಎಂಬ ಎರಡು ನಗರಗಳು 2010ರಲ್ಲಿ ಚಾಂಗ್ವನ್ ನಗರದೊಳಗೆ ಸೇರಿದವು. ಇಂಚಿಯೋನ್‌ನ ನಾಮ್ ಜಿಲ್ಲೆ 2018ರಿಂದ ಮಿಚುಹೋಲ್ ಎಂದಾಗಿದೆ. ಹಳೆಯ ಹೆಸರು ಹೇಳಿದರೆ ಚಿಕ್ಕ ವಯಸ್ಸಿನ ಚಾಲಕರು ತಲೆ ಕೆರೆದುಕೊಳ್ಳುತ್ತಾರೆ.

ಇನ್ನೊಂದು ತೊಡಕು ಇಂಗ್ಲಿಷ್ ಕಾಗುಣಿತದ್ದು. 2000ದಲ್ಲಿ ಕೊರಿಯಾ ಸರ್ಕಾರ ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಯನ್ನೇ ಬದಲಿಸಿತು. ಹಾಗಾಗಿ ಹಳೆಯ ಫೈಲಿನಲ್ಲಿ ಬುಸಾನ್ ‘ಪಿ’ ಅಕ್ಷರದಿಂದ, ಡೇಗು ‘ಟಿ’ಯಿಂದ, ಗ್ವಾಂಗ್ಜು ‘ಕೆ’ಯಿಂದ ಶುರುವಾಗುತ್ತವೆ. ಗ್ವಾಂಗ್ಜುವಿನ ವಿಷಯದಲ್ಲಂತೂ ಮೈಯೆಲ್ಲ ಕಣ್ಣಾಗಿರಬೇಕು, ಏಕೆಂದರೆ ಆ ಹೆಸರಿನ ಊರು ಎರಡಿವೆ. ಒಂದು ನೈಋತ್ಯದ ಮಹಾನಗರ. ಇನ್ನೊಂದು ರಾಜಧಾನಿ ಸೋಲ್ ಪಕ್ಕದಲ್ಲೇ, ಗ್ಯೋಂಗಿ ಪ್ರಾಂತದಲ್ಲಿರುವ ಊರು, ಅಲ್ಲಿಗೆ ಲೋಕಲ್ ರೈಲಿನಲ್ಲೇ ಹೋಗಬಹುದು. ಫೈಲಿನಲ್ಲಿ ಪ್ರಾಂತದ ಹೆಸರು ಇದೆಯೇ ಎಂದು ನೋಡದೆ ಬಸ್ ಟಿಕೆಟ್ ತೆಗೆದರೆ ನೂರಾರು ಕಿಲೋಮೀಟರ್ ದೂರದ ತಪ್ಪು ಊರಿನಲ್ಲಿ ಇಳಿಯುತ್ತೀರಿ.

ಇದಕ್ಕೆ ಮನೆಯಲ್ಲೇ ಕುಳಿತು ಮಾಡುವ ಕೆಲಸ ಇಷ್ಟು. ಫೈಲಿನ ಕೊರಿಯನ್ ಪುಟ ಹುಡುಕಿ. ಇಂಗ್ಲಿಷ್ ಅನುವಾದದ ಹಿಂದೆ ಕೈಬರಹದ ಕೊರಿಯನ್ ಮೂಲ ಇರುವ ಸಾಧ್ಯತೆ ಹೆಚ್ಚು, ಮತ್ತು ಅನುವಾದದಲ್ಲಿ ಎಷ್ಟೋ ವಿವರ ಬಿಟ್ಟುಹೋಗಿರುತ್ತವೆ. ಕೊರಿಯನ್ ಬಲ್ಲ ಹಿರಿಯರೊಬ್ಬರಿಂದ ಅದನ್ನು ಸಾಲು ಸಾಲಾಗಿ ಓದಿಸಿ. ಫೋನಿನ ಅನುವಾದದ ಆ್ಯಪ್‌ಗೆ ಹಳೆಯ ಕೈಬರಹ ದಕ್ಕುವುದಿಲ್ಲ, ನಡುನಡುವೆ ಚೀನೀ ಅಕ್ಷರ ಬಂದರೆ ಮುಗಿಯಿತು. ಆ ವಿಳಾಸವನ್ನು ಕೊರಿಯನ್ ಲಿಪಿಯಲ್ಲೇ ಕೊರಿಯಾದ ನಕ್ಷೆ ಆ್ಯಪ್ ಆದ ನೇವರ್ ಮ್ಯಾಪ್‌ಗೆ ಹಾಕಿ, ಅದು ಹಳೆಯ ಮತ್ತು ಹೊಸ ಎರಡೂ ರೀತಿಯ ವಿಳಾಸವನ್ನು ಹಿಡಿಯುತ್ತದೆ. ಆಮೇಲೆ ಅಲ್ಲಿನ ಇನ್ನೊಂದು ನಕ್ಷೆ ಆ್ಯಪ್ ಕಕಾವೋ ಮ್ಯಾಪ್ ತೆರೆದು ಅದೇ ಜಾಗದ ರಸ್ತೆಯ ಚಿತ್ರ ನೋಡಿ. ಅದರಲ್ಲಿ ವರ್ಷ ಹಿಂದಕ್ಕೆ ಸರಿಸುವ ಸೌಲಭ್ಯವಿದೆ, ಅಪಾರ್ಟ್‌ಮೆಂಟ್ ಏಳುವ ಮೊದಲಿನ ಓಣಿ ಕಂಡರೂ ಕಾಣಬಹುದು. ಆ ಚಿತ್ರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಗೂಗಲ್ ಮ್ಯಾಪನ್ನು ನೆಚ್ಚಿಕೊಂಡು ಕೊರಿಯಾದಲ್ಲಿ ಓಡಾಡುವುದು ಕಷ್ಟ.

ಸ್ಥಳಕ್ಕೆ ಹೋದ ಮೇಲೂ ಗೊಂದಲ ಉಳಿದರೆ ಆ ವಾರ್ಡಿನ ಸರ್ಕಾರಿ ಕಚೇರಿಗೆ ಹೋಗಿ. ಮಧ್ಯಾಹ್ನ 12ರಿಂದ 1ರವರೆಗೆ ಊಟದ ಹೊತ್ತು, ಆಗ ಹೋಗಬೇಡಿ. ಅದಕ್ಕಿಂತ ಉಪಯೋಗಕ್ಕೆ ಬರುವವರು ಬೀದಿ ಮೂಲೆಯಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡ ಮನೆ ದಲ್ಲಾಳಿಗಳು. ಅರವತ್ತು ದಾಟಿದ ಯಜಮಾನರು ಸಿಕ್ಕರೆ ಯಾವ ಗಲ್ಲಿ ಎಲ್ಲಿತ್ತು, ಹೆರಿಗೆ ಆಸ್ಪತ್ರೆ ಯಾವಾಗ ಮುಚ್ಚಿತು ಎಂದು ಗೋಡೆಯ ಮೇಲಿನ ನಕ್ಷೆಯಲ್ಲೇ ಬೆರಳಿಟ್ಟು ತೋರಿಸುತ್ತಾರೆ. ಹಳೆಯ ಹೆರಿಗೆ ಆಸ್ಪತ್ರೆಯಿಂದ ಕಾಗದ ಸಿಗುತ್ತದೆಂಬ ಆಸೆ ಮಾತ್ರ ಬೇಡ. ಚಿಕಿತ್ಸೆಯ ದಾಖಲೆಗಳನ್ನು 10 ವರ್ಷ ಇಟ್ಟುಕೊಂಡರೆ ಸಾಕು ಎನ್ನುತ್ತದೆ ಅಲ್ಲಿನ ಕಾನೂನು. ಬೆಳೆದ ಮಕ್ಕಳ ವಿಷಯದಲ್ಲಿ ಆ ಅವಧಿ ಎಂದೋ ಮುಗಿದಿರುತ್ತದೆ.

ಫೈಲಿನಲ್ಲಿ ಬರೆದದ್ದೆಲ್ಲ ನಿಜವೆಂದು ಮಕ್ಕಳಿಗೆ ಹೇಳಿಕೊಂಡು ಬಂದಿದ್ದರೆ, ಹೊರಡುವ ಮೊದಲೇ ಅದನ್ನು ಸಡಿಲಿಸಿ. ‘ಅನಾಥ’, ‘ಪೊಲೀಸ್ ಚೌಕಿಯ ಬಳಿ ಸಿಕ್ಕಿದ ಮಗು’ ಎಂದು ಬರೆದಿದ್ದರೂ ಅಪ್ಪ ಅಮ್ಮ ಇದ್ದ ಮಕ್ಕಳು ಬಹಳ. ಮಗುವನ್ನು ಹೊರದೇಶಕ್ಕೆ ಕಳಿಸಲು ಅನುಕೂಲವಾಗಲೆಂದು ಅದರ ಹೆಸರಿನಲ್ಲಿ ಅನಾಥರ ಪ್ರತ್ಯೇಕ ಕುಟುಂಬ ದಾಖಲೆ ತೆರೆಯುವ ಪದ್ಧತಿ ಅಲ್ಲಿತ್ತು. ಹೆಸರು, ಮನೆತನದ ಹೆಸರು ಕೂಡ ದತ್ತು ಸಂಸ್ಥೆಯವರೇ ಇಟ್ಟದ್ದಿರಬಹುದು. ಹುಟ್ಟಿದ ದಿನಾಂಕ ಚಾಂದ್ರಮಾನದ್ದಿರಬಹುದು, ಅಂದಾಜಿನದ್ದೂ ಇರಬಹುದು. 1985 ಒಂದೇ ವರ್ಷದಲ್ಲಿ 8,800ಕ್ಕೂ ಹೆಚ್ಚು ಮಕ್ಕಳು ಕೊರಿಯಾದಿಂದ ಹೊರದೇಶಗಳಿಗೆ ಹೋದರು. ಆ ಅವಸರದಲ್ಲಿ ನಡೆದದ್ದನ್ನು ಅಲ್ಲಿನ ಸತ್ಯ ಮತ್ತು ಸಂಧಾನ ಆಯೋಗ ತನಿಖೆ ಮಾಡಿತು. ದೂರು ಕೊಟ್ಟವರು 367 ಮಂದಿ. 2025ರ ಮಾರ್ಚ್‌ನಲ್ಲಿ ಅವುಗಳಲ್ಲಿ 56 ಪ್ರಕರಣಗಳಲ್ಲಿ ಮಾನವ ಹಕ್ಕು ಉಲ್ಲಂಘನೆಯಾಗಿದೆ ಎಂದು ಆಯೋಗ ಒಪ್ಪಿಕೊಂಡಿತು. ಕಾಗದ ತಿದ್ದಿದ್ದು, ಒಂದು ಮಗುವಿನ ಗುರುತನ್ನು ಇನ್ನೊಂದಕ್ಕೆ ಹಚ್ಚಿದ್ದು ಎಲ್ಲವೂ ಹೊರಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲೀ ಜೇ-ಮ್ಯಂಗ್ ಕ್ಷಮೆ ಕೇಳಿದರು. ಹದಿನಾಲ್ಕು ಹದಿನೈದರ ಮಕ್ಕಳು ಇದನ್ನೆಲ್ಲ ಫೋನಿನಲ್ಲಿ ತಾವೇ ಓದಿಕೊಳ್ಳುತ್ತಾರೆ. ಹೋಟೆಲಿನಲ್ಲಿ ಒಂಟಿಯಾಗಿ ಕೂತು ಓದುವುದಕ್ಕಿಂತ ಮನೆಯಲ್ಲಿ ನಿಮ್ಮಿಂದ ಕೇಳುವುದು ಮೇಲು.

ಹಳೆಯ ಪ್ರವಾಸ ಬರಹಗಳಲ್ಲಿ ‘ದತ್ತು ಸಂಸ್ಥೆಯ ಕಚೇರಿಗೆ ಹೋಗಿ ಫೈಲು ತೆರೆಸಿ ನೋಡಿದೆವು’ ಎಂದು ಓದಿರುತ್ತೀರಿ. ಆ ದಾರಿ ಈಗ ಇಲ್ಲ. 2025ರ ಜುಲೈ 19ರಿಂದ ದತ್ತು ದಾಖಲೆಗಳ ಹೊಣೆ ಸಂಸ್ಥೆಗಳಿಂದ ಸರ್ಕಾರಕ್ಕೆ ಹೋಯಿತು. ಮಾಹಿತಿಗಾಗಿ ಅರ್ಜಿ ಹಾಕಬೇಕಾದ್ದು ಮಕ್ಕಳ ಹಕ್ಕುಗಳ ರಾಷ್ಟ್ರೀಯ ಕೇಂದ್ರಕ್ಕೆ. ಅರ್ಜಿಗೆ ಮಗುವಿನ ಪಾಸ್‌ಪೋರ್ಟ್ ಪ್ರತಿ, ದತ್ತು ಕಾಗದ, ಫೈಲಿನ ಮೇಲಿರುವ ಕೇಸ್ ನಂಬರ್ ಸಿದ್ಧವಿರಲಿ. ಮಗು ಅಪ್ರಾಪ್ತ ವಯಸ್ಸಿನದಾದರೆ ಸಾಕಿದ ತಂದೆ ತಾಯಿಯ ಒಪ್ಪಿಗೆಯೂ ಬೇಕು. ಹೆತ್ತವರ ಹೆಸರು ವಿಳಾಸ ಕೇಳಿದ ಕೂಡಲೇ ಕೊಡುವುದಿಲ್ಲ. ಮೊದಲು ಅವರನ್ನು ಹುಡುಕಿ ಪತ್ರ ಕಳಿಸುತ್ತಾರೆ, ಅವರು ಒಪ್ಪಿದರೆ ಮಾತ್ರ ಮುಂದಿನ ಮಾತು. ಉತ್ತರವೇ ಬಾರದಿದ್ದರೆ ಅದನ್ನು ನಿರಾಕರಣೆ ಎಂದು ಮಗುವಿಗೆ ಹೇಳಬೇಡಿ. ಪತ್ರ ಅವರ ಕೈಗೇ ಸೇರದೆ ಇದ್ದಿರಬಹುದು. ಸೇರಿದರೂ ಮನೆಯಲ್ಲಿ ಗಂಡ ಮಕ್ಕಳಿಗೆ ತಿಳಿಯದ ಗುಟ್ಟಾಗಿದ್ದರೆ ಬಾಯಿ ಬಿಡಲಾಗದ ಸ್ಥಿತಿ ಅವರದು.

ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಮೊದಲು ಅರ್ಜಿ, ಉತ್ತರ ಬಂದ ಮೇಲೆ ವಿಮಾನದ ಟಿಕೆಟ್. ತಿರುಗಾಮುರುಗಾ ಮಾಡಿದರೆ ರಜೆ ಮುಗಿಯುವ ಹೊತ್ತಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಮಿಂಚಂಚೆ ಒಂದೇ ಕೈಗೆ ಬರುತ್ತದೆ. ಹೆತ್ತವರ ಸುಳಿವೇ ಇಲ್ಲದ, ದೊಡ್ಡವರಾದ ಮಕ್ಕಳು 2020ರಿಂದ ತಾವಿರುವ ದೇಶದ ಕೊರಿಯನ್ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮೂಲಕವೇ ಡಿಎನ್‌ಎ ಮಾದರಿ ಕೊಡಬಹುದು. ಅದು ತಾಳೆಯಾಗುವುದು ಮಗುವನ್ನು ಹುಡುಕುತ್ತಾ ತಾವೂ ಮಾದರಿ ಕೊಟ್ಟಿರುವ ಹೆತ್ತವರ ಜೊತೆ ಮಾತ್ರ.

ಇಬ್ಬರು ಮಕ್ಕಳಿರುವ ಮನೆಯಲ್ಲಿ ಅತಿ ಕಷ್ಟದ ವಿಷಯ ಬೇರೆಯೇ ಇದೆ. ಒಬ್ಬರ ಫೈಲಿನಲ್ಲಿ ಅಮ್ಮನ ವಯಸ್ಸು, ಊರು, ಕಾರಣ ಎಲ್ಲ ಇರುತ್ತದೆ, ಇನ್ನೊಬ್ಬರದು ಒಂದೇ ಹಾಳೆ. ಒಬ್ಬರಿಗೆ ಹೆತ್ತವರ ಭೇಟಿ ಕೂಡಿಬರುತ್ತದೆ, ಇನ್ನೊಬ್ಬರು ಆ ಕೋಣೆಯ ಹೊರಗೆ ಬಿಸ್ಕತ್ತು ತಿನ್ನುತ್ತಾ ಕೂರಬೇಕು. ಎರಡನೆಯ ಮಗುವಿಗೂ ಅದರದ್ದೇ ಆದ ಒಂದು ಪೂರ್ತಿ ದಿನ ಮೀಸಲಿಡಿ. ಹುಟ್ಟಿದ ಊರು, ಆಸ್ಪತ್ರೆ ಇದ್ದ ಜಾಗ, ಸಿಕ್ಕಿದ ಪೊಲೀಸ್ ಚೌಕಿ, ಏನೂ ಇಲ್ಲದಿದ್ದರೆ ಆ ಊರಿನ ಸಂತೆ. ಅಲ್ಲಿಗೆ ಹೋಗಿ, ಉಂಡು, ಫೋಟೋ ತೆಗೆದುಕೊಂಡು ಬನ್ನಿ. ಒಬ್ಬರ ಭೇಟಿಯ ದಿನವೇ ಇನ್ನೊಬ್ಬರ ಊರಿಗೂ ಓಡುವ ಯೋಚನೆ ಬೇಡ. ಸಾಧ್ಯವಿದ್ದರೆ ಎರಡನೆಯ ಮಗುವಿನ ದಿನ ಮೊದಲು ಬರಲಿ, ಭೇಟಿ ಆಮೇಲೆ.

ಭೇಟಿ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಇರುವಂತೆ ಕೇಳಿಕೊಳ್ಳಿ. ಮಧ್ಯಾಹ್ನಕ್ಕೆ ಇಟ್ಟರೆ ಕಾದು ಕಾದು ಮಗು ಊಟ ಬಿಟ್ಟಿರುತ್ತದೆ. ಒಂದು ಗಂಟೆಯ ಭೇಟಿಯಲ್ಲಿ ಅರ್ಧ ಗಂಟೆ ಅನುವಾದಕ್ಕೇ ಹೋಗುತ್ತದೆ, ಹಾಗಾಗಿ ಪ್ರಶ್ನೆ ಐದಾರು ಸಾಕು. ಮೊದಲು ಆರೋಗ್ಯದ್ದು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಮನೆತನದಲ್ಲಿ ಇದೆಯೇ. ಆಮೇಲೆ ಹುಟ್ಟಿದ ಹೊತ್ತು, ಒಡಹುಟ್ಟಿದವರು, ಹೆಸರು ಇಟ್ಟವರು ಯಾರು. ‘ಯಾಕೆ ಬಿಟ್ಟಿರಿ’ ಎಂಬುದನ್ನು ನೀವು ಕೇಳಬೇಡಿ. ಕೇಳುವುದಿದ್ದರೆ ಮಗು ಕೇಳಲಿ, ಅದೂ ಅದಕ್ಕೆ ಬೇಕಾದಾಗ. ಹೆತ್ತ ತಾಯಿ ಕೈ ಹಿಡಿದುಕೊಂಡು ಬಿಡದೆ ಅಳಬಹುದು. ‘ನಿನಗೆ ಬೇಡವೆನಿಸಿದರೆ ಕೈ ಹಿಂದಕ್ಕೆ ತೆಗೆದುಕೋ, ಯಾರೂ ಏನೂ ಅಂದುಕೊಳ್ಳುವುದಿಲ್ಲ’ ಎಂದು ಮೊದಲೇ ಹೇಳಿಟ್ಟಿರಿ. ಕೇಳದೆ ಫೋಟೋ ತೆಗೆಯಬೇಡಿ, ತೆಗೆದದ್ದನ್ನು ಎಲ್ಲೂ ಹಾಕಬೇಡಿ. ಆ ಹೆಂಗಸಿನ ಸಂಸಾರ ಅದರಿಂದ ಒಡೆಯಬಹುದು.

ಕೊಡಲು ಬೆಲೆಬಾಳುವ ಉಡುಗೊರೆ ಬೇಡ. ವರ್ಷಕ್ಕೊಂದರಂತೆ ಫೋಟೋ ಹಾಕಿದ ಚಿಕ್ಕ ಆಲ್ಬಮ್, ಕೆಳಗೆ ಕೊರಿಯನ್‌ನಲ್ಲಿ ಎರಡು ಸಾಲು. ಇಂಥದ್ದು ಎರಡು ಪ್ರತಿ ಮಾಡಿಸಿ, ಒಂದು ಶಿಶುವಾಗಿದ್ದಾಗ ಸಾಕಿದ ತಾಯಿಗೆ. ವಿಮಾನ ಹತ್ತುವ ತನಕ ಎಷ್ಟೋ ಕೂಸುಗಳು ಬೆಳೆದದ್ದು ಇಂಥ ಸಾಕುತಾಯಂದಿರ ಮನೆಯಲ್ಲಿ. ಹೆತ್ತವರು ಸಿಗದಿದ್ದರೂ ಇವರು ಸಿಗುವ ಸಾಧ್ಯತೆ ಹೆಚ್ಚು, ಮಗು ಯಾವ ಹಾಡಿಗೆ ನಿದ್ದೆ ಹೋಗುತ್ತಿತ್ತು, ಯಾವ ಮಗ್ಗುಲಿಗೆ ಮಲಗುತ್ತಿತ್ತು ಎಂದು ಹೇಳಬಲ್ಲವರೂ ಇವರೇ. ಅವರಿಗೆ ಈಗ ವಯಸ್ಸಾಗಿದೆ. ಮುಂದಿನ ಸಲ ನೋಡೋಣ ಎಂದು ಮುಂದೂಡಬೇಡಿ. ಪತ್ರ ಬರೆದುಕೊಂಡು ಹೋಗುವುದಾದರೆ ಮನುಷ್ಯರಿಂದಲೇ ಅನುವಾದ ಮಾಡಿಸಿ, ಆ್ಯಪ್‌ಗೆ ಕೊರಿಯನ್ನಿನ ಗೌರವದ ರೂಪಗಳು ಸರಿಯಾಗಿ ಬರುವುದಿಲ್ಲ. ಭೇಟಿಯ ಮರುದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಪಾಸ್‌ಪೋರ್ಟಿನ ವಿಷಯದಲ್ಲಿ ಹೊರದೇಶದ ಕನ್ನಡಿಗರ ಮನೆಗಳಲ್ಲಿ ಒಂದು ವಿಶೇಷ ತೊಡಕು ಇದೆ. ಮಗುವಿನದು ಅಮೆರಿಕದ ಪಾಸ್‌ಪೋರ್ಟ್, ಅಪ್ಪ ಅಥವಾ ಅಮ್ಮನದು ಇನ್ನೂ ಭಾರತದ್ದು. ಮಗುವಿಗೆ ಅಲ್ಪಾವಧಿಗೆ ವೀಸಾ ಬೇಡ, ಭಾರತೀಯ ಪಾಸ್‌ಪೋರ್ಟಿಗೆ ಬೇಕೇ ಬೇಕು. ನಮ್ಮಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಊರೋ ತಂದೆಯ ಹೆಸರೋ ಇರುವುದರಿಂದ ಮಗುವಿನ ಹೆಸರಿಗೂ ನಿಮ್ಮ ಹೆಸರಿಗೂ ತಾಳೆಯೇ ಇರುವುದಿಲ್ಲ. ಮುಖವೂ ಬೇರೆ. ನ್ಯಾಯಾಲಯದ ದತ್ತು ಆದೇಶದ ಪ್ರತಿ ಕೈಚೀಲದಲ್ಲೇ ಇರಲಿ. ಗಂಡುಮಗುವಾಗಿದ್ದರೆ, ಕೊರಿಯಾದ ಪೌರತ್ವ ತೆಗೆದುಹಾಕಿದ್ದು ಅಲ್ಲಿನ ದಾಖಲೆಯಲ್ಲಿ ನಮೂದಾಗಿದೆಯೇ ಎಂದು ಹೋಗುವ ಮೊದಲೇ ಕಾನ್ಸುಲೇಟಿನಲ್ಲಿ ವಿಚಾರಿಸಿ. ಸೈನ್ಯ ಸೇವೆ ಕಡ್ಡಾಯವಿರುವ ದೇಶ ಅದು.

ಮೋಸ ಅನ್ನಿಸಿದ್ದು ಕೋಣೆ. ‘ಸಾಂಪ್ರದಾಯಿಕ ಮನೆಯಲ್ಲಿ ಮಕ್ಕಳಿಗೆ ತಮ್ಮ ನೆಲದ ಅನುಭವ’ ಎಂಬ ಮಾತಿಗೆ ಮರುಳಾಗಿ ಸೋಲ್‌ನ ಬುಕ್‌ಚೋನ್ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಕೋಣೆ ಹಿಡಿಯುವವರು ಬಹಳ. ದೊಡ್ಡ ಹೋಟೆಲಿನ ದರ ಕೊಟ್ಟರೂ ಸಿಗುವುದು ನಾಲ್ಕು ಹಾಸಿಗೆ ಬಿಡಿಸಿದರೆ ಬಾಗಿಲು ತೆರೆಯದಷ್ಟು ಜಾಗ. ಗೋಡೆ ತೆಳು, ಪಕ್ಕದವರ ಕೆಮ್ಮೂ ಕೇಳುತ್ತದೆ. ಭೇಟಿ ಮುಗಿಸಿ ಬಂದ ಮಗು ಬಾಗಿಲು ಹಾಕಿಕೊಂಡು ಒಂದು ಗಳಿಗೆ ಅಳಲೂ ಆಗದ ಕೋಣೆ ಅದು. ಮಕ್ಕಳ ಲೆಕ್ಕ ಬುಕಿಂಗ್‌ನಲ್ಲಿ ಸರಿಯಾಗಿ ನಮೂದಾಗದಿದ್ದರೆ ‘ಹೆಚ್ಚುವರಿ ಜನ’ ಎಂದು ಬಾಗಿಲಲ್ಲೇ ನಗದು ಕೇಳುತ್ತಾರೆ. ಬುಕ್‌ಚೋನ್‌ನ ಒಂದು ಭಾಗದಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ, ಮೀರಿದರೆ 1,00,000 ವಾನ್ ದಂಡ. ಅಲ್ಲೇ ತಂಗಿದವರಿಗೆ ವಿನಾಯಿತಿ ಇದೆ, ಆದರೆ ಬುಕಿಂಗ್ ಕಾಗದ ಜೇಬಿನಲ್ಲಿರಲಿ. ನನ್ನ ಸಲಹೆ: ಸೋಲ್‌ನ ಹಪ್‌ಜಂಗ್ ಅಥವಾ ಮಾಂಗ್ವನ್ ಬಡಾವಣೆಗಳ ಸುತ್ತ, ಬಟ್ಟೆ ಒಗೆಯುವ ಯಂತ್ರವಿರುವ ಎರಡು ಸಾಧಾರಣ ಕೋಣೆ ಹಿಡಿಯಿರಿ. ವಿಮಾನ ನಿಲ್ದಾಣದ ರೈಲು ಹತ್ತಿರದ ಹೊಂಗಿಕ್ ಯೂನಿವರ್ಸಿಟಿ ನಿಲ್ದಾಣಕ್ಕೆ ನೇರ ಬರುತ್ತದೆ. ಆ ನಿಲ್ದಾಣದ ಮಗ್ಗುಲಲ್ಲೇ ಮಾತ್ರ ಉಳಿಯಬೇಡಿ, ಶುಕ್ರವಾರ ಶನಿವಾರ ರಾತ್ರಿ ಗದ್ದಲ.

ಬಸ್ಸಿನ ಬಗ್ಗೆ ಒಂದು ಎಚ್ಚರಿಕೆ. ಭಾನುವಾರ ಸಂಜೆ ಹೊರ ಊರಿನಿಂದ ಸೋಲ್‌ಗೆ ವಾಪಸು ಬರುವ ಬಸ್ಸು ಹತ್ತಬೇಡಿ. ಮೂರು ಗಂಟೆಯ ದಾರಿ ಐದಾದರೂ ಮುಗಿಯುವುದಿಲ್ಲ, ಬಸ್ಸಿನಲ್ಲಿ ಶೌಚಾಲಯ ಇರುವುದಿಲ್ಲ, ದಾರಿಯ ನಿಲುಗಡೆ ಒಂದೇ, ಅದೂ ಹದಿನೈದು ನಿಮಿಷ. ಚಾಲಕ ಹೊತ್ತಿಗೆ ಸರಿಯಾಗಿ ಹೊರಟುಬಿಡುತ್ತಾನೆ. ಒಂದೇ ಬಣ್ಣದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ಇಳಿಯುವಾಗ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ಸೋಲ್‌ನಲ್ಲಿ ಬಸ್ ನಿಲ್ದಾಣಗಳೇ ಹಲವು, ಟಿಕೆಟ್ಟಿನಲ್ಲಿ ಯಾವುದೆಂದು ನೋಡದೆ ಹೋದರೆ ಬಸ್ಸು ತಪ್ಪಿತೆಂದೇ ಲೆಕ್ಕ. ಬುಸಾನ್, ಡೇಗು ಕಡೆಗಾದರೆ ಹೆಚ್ಚು ಕೊಟ್ಟಾದರೂ ಅತಿವೇಗದ ಕೆಟಿಎಕ್ಸ್ ರೈಲಿನಲ್ಲೇ ಹೋಗಿ. ಅಲ್ಲಿನ ಸುಗ್ಗಿ ಹಬ್ಬವಾದ ಚುಸೋಕ್‌ನ ವಾರ (2026ರಲ್ಲಿ ಸೆಪ್ಟೆಂಬರ್ 25) ಕಚೇರಿಗಳೂ ಮುಚ್ಚಿರುತ್ತವೆ, ರೈಲಿನಲ್ಲೂ ಜಾಗ ಸಿಗುವುದಿಲ್ಲ.

ಇನ್ನು ಊಟ. ಇದರಲ್ಲಿ ಮಾತ್ರ ದುಡ್ಡು ಉಳಿಸಿದಷ್ಟೂ ರುಚಿ ಹೆಚ್ಚು. ಸೋಲ್‌ನ ನಾಮ್‌ಡೇಮುನ್ ಮಾರುಕಟ್ಟೆಯಲ್ಲಿ, ಹ್ವೇಹ್ಯನ್ ನಿಲ್ದಾಣದ 5ನೇ ದ್ವಾರದ ಬಳಿ ಕಲ್ಗುಕ್ಸು (ಚಾಕುವಿನಿಂದ ಕೊಯ್ದ ನೂಡಲ್ಸ್) ಗಲ್ಲಿ ಇದೆ. ಪ್ಲಾಸ್ಟಿಕ್ ಪರದೆ ಸರಿಸಿ ಒಳಗೆ ಹೋದರೆ ಇಬ್ಬರು ಎದುರುಬದುರು ನಡೆಯಲಾಗದಷ್ಟು ಇಕ್ಕಟ್ಟು, ಎರಡೂ ಕಡೆ ಬೆಂಚು. ಅಜ್ಜಿಯರು ಹಿಟ್ಟು ಲಟ್ಟಿಸಿ, ಮಡಿಚಿ, ಚಾಕುವಿನಿಂದ ಎಳೆ ಎಳೆಯಾಗಿ ಕೊಯ್ದು ನೇರ ಕುದಿಯುವ ಪಾತ್ರೆಗೆ ಹಾಕುತ್ತಾರೆ. ಬಾರ್ಲಿ ಅನ್ನದ ಬಟ್ಟಲು ಹೇಳಿದರೆ ಸೊಪ್ಪು ತರಕಾರಿ ಹರಡಿದ ಅನ್ನದ ಜೊತೆಗೆ ಬಿಸಿ ನೂಡಲ್ಸ್ ಒಂದು ಬಟ್ಟಲು, ಖಾರದ ತಣ್ಣನೆಯ ನೂಡಲ್ಸ್ ಇನ್ನೊಂದು ತಟ್ಟೆ ಬಿಟ್ಟಿ ಬರುತ್ತದೆ. ತಲೆಗೆ 10,000 ವಾನ್ ಆಸುಪಾಸು. ಮಕ್ಕಳ ತಟ್ಟೆ ಖಾಲಿಯಾಗುವುದನ್ನೇ ಆ ಅಜ್ಜಿಯರು ಕಾಯುತ್ತಿರುತ್ತಾರೆ, ಕೇಳದೆಯೇ ಇನ್ನಷ್ಟು ಬಡಿಸುತ್ತಾರೆ. ಮಗುವನ್ನು ನೋಡಿ ಕೊರಿಯನ್‌ನಲ್ಲೇ ಮಾತಿಗಿಳಿಯುತ್ತಾರೆ, ಉತ್ತರ ಬಾರದಿದ್ದರೆ ಗಾಬರಿಯಾಗುತ್ತಾರೆ. ‘ಇಲ್ಲಿ ಹುಟ್ಟಿದೆ, ಬೇರೆ ದೇಶದಲ್ಲಿ ಬೆಳೆದೆ, ಭಾಷೆ ಬರುವುದಿಲ್ಲ’ ಎಂದು ಕೊರಿಯನ್‌ನಲ್ಲಿ ಬರೆದ ಚೀಟಿ ಮಗುವಿನ ಜೇಬಿನಲ್ಲಿದ್ದರೆ ಒಳ್ಳೆಯದು. ತೋರಿಸುವುದು ಬಿಡುವುದು ಮಗುವಿನ ಇಷ್ಟ.

ಸಸ್ಯಾಹಾರಿಗಳು ಈ ಗಲ್ಲಿಯ ಸಾರನ್ನು ಮುಟ್ಟುವ ಹಾಗಿಲ್ಲ, ಅದು ಒಣಮೀನಿನದ್ದು. ಉಪ್ಪಿನಕಾಯಿಯಂತೆ ಹುಳಿ ಬರಿಸಿದ ಎಲೆಕೋಸಿನ ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನು ಸೀಗಡಿಯ ಉಪ್ಪುರಸ ಇರುತ್ತದೆ. ‘ಮಾಂಸ ಬೇಡ’ ಎಂದರೆ ಮೇಲಿನ ತುಂಡು ತೆಗೆದು ಕೊಡುತ್ತಾರೆ ಅಷ್ಟೇ. ಬೇಸಿಗೆಯಲ್ಲಿ ಹೋದರೆ ಕೋಂಗ್‌ಗುಕ್ಸು ಕೇಳಿ, ಸೋಯಾ ಕಾಳು ರುಬ್ಬಿದ ತಣ್ಣನೆಯ ಹಾಲಿನಲ್ಲಿ ಗೋಧಿ ಎಳೆ, ಉಪ್ಪು ನೀವೇ ಹಾಕಿಕೊಳ್ಳಬೇಕು. ಗ್ವಾಂಗ್‌ಜಾಂಗ್ ಮಾರುಕಟ್ಟೆಯ ಬಿಂದೇತೊಕ್ ನೆನೆಸಿದ ಹೆಸರುಬೇಳೆಯನ್ನು ಮೋಟಾರು ಹಚ್ಚಿದ ಕಲ್ಲಿನಲ್ಲಿ ಕಣ್ಣೆದುರೇ ರುಬ್ಬಿ ಹುಯ್ಯುವುದು, ನಮ್ಮ ಹೆಸರುಬೇಳೆ ದೋಸೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಗರಿಗರಿ ಮಾಡಿದಂತೆ. ಹಿಟ್ಟಿಗೆ ಹಂದಿಮಾಂಸ ಸೇರಿಸಿದ್ದಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ಅಲ್ಲಿ ಬಗೆಬಗೆಯ ಕರಿದ ತಿಂಡಿಯ ‘ಮಿಕ್ಸ್ ತಟ್ಟೆ’ಗೆ ಒಪ್ಪಬೇಡಿ, ತೂಕ ಕಡಿಮೆ, ದರ ಹೆಚ್ಚು. ಬಿಡಿಯಾಗಿ ಒಂದೊಂದು ಕೊಳ್ಳಿ. ಮಾತು ತಿಳಿಯದೆ ಜಗಳಕ್ಕೆ ಬಂದರೆ ಪ್ರವಾಸಿಗರ ಸಹಾಯವಾಣಿ 1330ಕ್ಕೆ ಫೋನ್ ಮಾಡಿ ಅಂಗಡಿಯವರ ಕೈಗೆ ಕೊಡಿ, ಹಗಲು ರಾತ್ರಿ ನಡುವೆ ನಿಂತು ಮಾತಾಡಿಸುತ್ತಾರೆ.

ಸಂಸ್ಥೆಗಳು ನಡೆಸುವ ‘ತಾಯ್ನೆಲದ ಪ್ರವಾಸ’ ಗುಂಪಿನಲ್ಲಿ ಹೋಗಬೇಕೇ ಎಂದರೆ, ಹದಿಹರೆಯದ ಮಕ್ಕಳಿಗೆ ಹೌದು. ತಮ್ಮಂತೆಯೇ ದತ್ತು ಹೋದ ಇತರ ಮಕ್ಕಳ ಜೊತೆ ರಾತ್ರಿ ಹರಟುವುದು ಅರಮನೆ ನೋಡುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಬಸ್ಸಿನಲ್ಲಿ ತುಂಬಿ ತೋರಿಸುವುದರಿಂದ ಹತ್ತಕ್ಕಿಂತ ಚಿಕ್ಕವರು ಸುಸ್ತಾಗಿ ಮುನಿಸಿಕೊಳ್ಳುತ್ತಾರೆ. ಅವರೊಂದಿಗೆ ನೀವೇ ಹೋಗಿ. ಜೂನ್ ಕೊನೆಯಿಂದ ಜುಲೈ ತನಕ ಮಳೆ, ಆಗಸ್ಟ್ ಬೆವರು, ಅಕ್ಟೋಬರ್ ಎಲ್ಲಕ್ಕಿಂತ ಹಿತ.

ವಾಪಸು ಬರುವಾಗ ಸಾಕುತಾಯಿ ಬರಿಗೈಯಲ್ಲಿ ಕಳಿಸುವುದಿಲ್ಲ. ಗೊಚುಜಾಂಗ್ ಎಂಬ ಮೆಣಸಿನಕಾಯಿ ಗೊಜ್ಜಿನ ಡಬ್ಬಿ, ಕಡಲಪಾಚಿಯ ಕಟ್ಟು, ಕೆಲವೊಮ್ಮೆ ಕಿಮ್ಚಿ. ಗೊಚುಜಾಂಗ್, ಕಿಮ್ಚಿ ಎರಡನ್ನೂ ದ್ರವವೆಂದು ಎಣಿಸಿ ಕೈಚೀಲದಿಂದ ತೆಗೆಸುತ್ತಾರೆ, ಆದ್ದರಿಂದ ಚೆಕ್-ಇನ್ ಪೆಟ್ಟಿಗೆಯಲ್ಲಿ ಎರಡು ಪದರ ಪ್ಲಾಸ್ಟಿಕ್ ಸುತ್ತಿ ಇಡಿ. ಹೋಗುವಾಗಲೇ ಪೆಟ್ಟಿಗೆಯಲ್ಲಿ ಐದಾರು ಕಿಲೋ ಜಾಗ ಬಿಟ್ಟುಕೊಂಡಿರಿ.